ಸ್ಟ್ರೀಟ್‌ಕಂಪ್ಲೀಟ್: ಮೂರು ವರ್ಷ ಬೀದಿ ಸುತ್ತಿದ ಮೇಲೆ

ಚರಂಡಿಯ ಚಪ್ಪಡಿ ಬಾಯಿ ತೆರೆದುಕೊಂಡೇ ಇತ್ತು. ಮೊಬೈಲ್‌ಗೆ ಮಾತ್ರ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ. ಮೂರನೆಯ ಸಲ ಹಾಗಾದ ದಿನ ಆ ದೂರಿನ ಆ್ಯಪ್ ತೆಗೆದುಹಾಕಿ, ಗೆಳೆಯರೊಬ್ಬರು ಹೇಳಿದ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಹಾಕಿಕೊಂಡೆ.

ಇದು ದೂರು ಒಯ್ಯುವುದಿಲ್ಲ, ನಮ್ಮನ್ನೇ ಪ್ರಶ್ನೆ ಕೇಳುತ್ತದೆ. ಈ ಬಸ್ ನಿಲ್ದಾಣಕ್ಕೆ ಮೇಲ್ಛಾವಣಿ ಇದೆಯೇ? ಕೂರಲು ಬೆಂಚು? ಈ ರಸ್ತೆಗೆ ಬೀದಿದೀಪ? ಉತ್ತರ ಒತ್ತಿದರೆ ಅದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರುತ್ತದೆ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಖಾತೆ ತೆರೆಯಬೇಕು, ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ.

ಬೆಳಗಿನ ವಾಕಿಂಗ್‌ನಲ್ಲೇ ಬಡಾವಣೆಯ ಏಳು ಅಡ್ಡರಸ್ತೆ ಮುಗಿಸಿದೆ. ಫೋನ್ ಹಿಡಿದು ನಿಂತು ನಿಂತು ನಡೆಯುವವನನ್ನು ಕಂಡು ದಿನಸಿ ಅಂಗಡಿಯವರು ಹತ್ತಿರ ಬಂದು, “ರಸ್ತೆ ಅಗಲ ಮಾಡುತ್ತಾರಾ ಸಾರ್? ನಮ್ಮದು ಎಷ್ಟು ಅಡಿ ಹೋಗುತ್ತದೆ?” ಎಂದು ಕೇಳಿದರು. ನಂಬಿಸಲು ಎರಡು ದಿನ ಬೇಕಾಯಿತು.

ಪ್ರಯೋಜನ ತಿಳಿದದ್ದು ವಾರ್ಡ್ ಸಭೆಯಲ್ಲಿ. ಮೂರು ಲಕ್ಷ ಜನಸಂಖ್ಯೆ ದಾಟಿದ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 1992ರ 74ನೆಯ ತಿದ್ದುಪಡಿ ಹೇಳುತ್ತದೆ. ನಮ್ಮಲ್ಲಿ ಅದು ಕಾಫಿ ಕುಡಿದು ಏಳುವ ಸಭೆ. ಶಾಲೆಯ ರಸ್ತೆಯ ಮಾತು ಬಂದಾಗ ಎಂಜಿನಿಯರ್, “ಅಲ್ಲಿ ಎರಡೂ ಕಡೆ ಫುಟ್‌ಪಾತ್ ಇದೆಯಲ್ಲ” ಎಂದರು. ಫುಟ್‌ಪಾತ್ ಇರುವ, ಇಲ್ಲದ ರಸ್ತೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವ ನಕ್ಷೆಯನ್ನು ಮುದ್ರಿಸಿ ತಂದಿದ್ದೆ, ಮೇಜಿನ ಮೇಲೆ ಹರಡಿದೆ. ಬರೀ ಬಾಯಿಮಾತಾಗಿದ್ದರೆ ‘ನೋಡೋಣ’ ಎಂದು ಮುಗಿಸುತ್ತಿದ್ದರೇನೋ. ಹಾಳೆಯ ಮೇಲೆ ಬೆರಳಿಟ್ಟು, “ನಾಳೆ ಬರುತ್ತೇನೆ” ಎಂದರು. ಬಂದರು ಕೂಡ, ಸ್ಕೂಟರ್ ನಿಲ್ಲಿಸಿ ಶಾಲೆಯವರೆಗೆ ನಡೆದರು.

ಕೊರತೆಗಳೂ ಇವೆ. ಕಟ್ಟಡಗಳು ಒತ್ತಿಕೊಂಡಿರುವ ಗಲ್ಲಿಯಲ್ಲಿ ಜಿಪಿಎಸ್ ನಮ್ಮನ್ನು ಪಕ್ಕದ ರಸ್ತೆಯಲ್ಲಿ ನಿಲ್ಲಿಸುತ್ತದೆ. ಫುಟ್‌ಪಾತ್ ಇದೆಯೇ ಎಂದು ಕೇಳುವ ಆ್ಯಪ್‌ಗೆ ಅದರ ಮೇಲೆ ದಿನವೂ ನಿಲ್ಲುವ ಬೈಕುಗಳು ಕಾಣುವುದಿಲ್ಲ, ಏಕೆಂದರೆ ನಕ್ಷೆಗೆ ಬೇಕಾದದ್ದು ಸ್ಥಿರವಾಗಿ ಇರುವ ವಸ್ತು. ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಮೂಲೆಯ ಹೂವಿನ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಬಿಡುವೂ ಸ್ಮಾರ್ಟ್‌ಫೋನೂ ಇರುವುದು ನನ್ನಂಥ ನಿವೃತ್ತನ ಬಳಿ. ಈಗ ಆಕೆಯನ್ನು ಕೇಳಿ, ಆ ಜಾಗಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಐದಕ್ಕೆ ನಾಲ್ಕು ಅಂಕ. ಕಳೆದ ತಿಂಗಳು ಶಾಲೆಯ ರಸ್ತೆಯಲ್ಲಿ ಚಪ್ಪಡಿ ಹಾಸಿದರು. ಅದೇ ಸಂಜೆ ಹೋಗಿ ನಾನೇ ಹಿಂದೆ ‘ಇಲ್ಲ’ ಎಂದು ಒತ್ತಿದ್ದನ್ನು ‘ಎಡಗಡೆ ಇದೆ’ ಎಂದು ತಿದ್ದಿದೆ. ಬಲಗಡೆ ಟ್ರಾನ್ಸ್‌ಫಾರ್ಮರ್ ಇದೆ, ಫುಟ್‌ಪಾತ್ ಇಲ್ಲ.