ಕಲಬುರಗಿ ಬಿಸಿಲಿಗೆ ಹೈಬ್ರಿಡ್ ಬ್ಯಾಟರಿ: ಕಿಟಕಿ, ಎಸಿ, ಹೊದಿಕೆ – ಯಾವುದು ಮೇಲು?

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆ ಬಿಸಿಲು 42 ಡಿಗ್ರಿ ದಾಟಿದಾಗ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ, ಅಂದರೆ ಪೆಟ್ರೋಲ್ ಎಂಜಿನ್ ಜತೆಗೆ ಬ್ಯಾಟರಿ-ಮೋಟಾರಿನಿಂದಲೂ ಓಡುವ ಕಾರುಗಳ, ಮೈಲೇಜ್ ಇಳಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲೂ ಎಂಜಿನ್ ಪದೇ ಪದೇ ಶುರುವಾಗುತ್ತದೆ, ಬರೀ ಬ್ಯಾಟರಿಯಲ್ಲಿ ಓಡಿಸುವ ಇವಿ ಮೋಡ್ ಬಟನ್ ಒತ್ತಿದರೆ ಕಾರು ಒಪ್ಪುವುದಿಲ್ಲ. ಹೆಚ್ಚಿನ ಸಲ ಇದು ಬ್ಯಾಟರಿ ಕೆಟ್ಟ ಲಕ್ಷಣವಲ್ಲ. ಬ್ಯಾಟರಿ ಕಾದಾಗ ಅದರ ಕಂಪ್ಯೂಟರ್ ಒಳಹೋಗುವ, ಹೊರಬರುವ ಕರೆಂಟನ್ನು ತಗ್ಗಿಸುತ್ತದೆ. ಬ್ರೇಕ್ ಒತ್ತಿದಾಗ ಬ್ಯಾಟರಿಗೆ ಸೇರಬೇಕಾದ ಶಕ್ತಿ ಡಿಸ್ಕ್‌ನಲ್ಲಿ ಶಾಖವಾಗಿ ಹೋಗುತ್ತದೆ, ಆ ಕೊರತೆಯನ್ನು ಪೆಟ್ರೋಲ್ ತುಂಬುತ್ತದೆ.

ಟೊಯೋಟಾದ ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೋಟಾದ ಇನೋವಾ ಹೈಕ್ರಾಸ್ ಮೂರರ ಹೈಬ್ರಿಡ್ ಮಾದರಿಯಲ್ಲೂ ಬ್ಯಾಟರಿಯನ್ನು ತಂಪು ಮಾಡುವುದು ಕಾರಿನ ಒಳಗಿನ ಗಾಳಿ. ಸಣ್ಣ ಫ್ಯಾನ್ ಒಂದು ಜಾಲರಿಯ ಮೂಲಕ ಅದನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಕೂತವರಿಗೆ ಸೆಕೆಯಾದರೆ ಬ್ಯಾಟರಿಗೂ ಸೆಕೆ. ಓಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಬ್ಲೂಟೂತ್ ರೀಡರ್ ಸಿಕ್ಕಿಸಿ, ಬ್ಯಾಟರಿಯ ತಾಪ ನೋಡುತ್ತ ಬೇರೆ ಬೇರೆ ವಿಧಾನ ಹೋಲಿಸಿದಾಗ ಕಂಡದ್ದು ಇದು.

ಕಿಟಕಿ ತೆಗೆದು ಓಡಿಸುವುದೋ, ಎಸಿಯೋ? ಎಸಿ, ಅನುಮಾನವೇ ಬೇಡ. ಹೊರಗೆ 42 ಇದ್ದರೆ ಕಿಟಕಿಯಿಂದ ಬರುವ ಗಾಳಿಯೂ 42. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಬ್ಯಾಟರಿಯನ್ನು ಅದಕ್ಕಿಂತ ಕೆಳಗೆ ಇಳಿಸಲಾರದು. ಜತೆಗೆ ಸೇಡಂ, ಶಹಾಬಾದ್ ಕಡೆಯ ಕಲ್ಲುಧೂಳು ಜಾಲರಿಗೆ ಮೆತ್ತಿಕೊಳ್ಳುತ್ತದೆ. ಎಸಿಯ ಕಂಪ್ರೆಸರ್ ಇದೇ ಬ್ಯಾಟರಿಯಿಂದ ಓಡುವುದರಿಂದ ಟ್ರಾಫಿಕ್‌ನಲ್ಲಿ ಚಾರ್ಜ್ ಬೇಗ ಇಳಿಯುವುದು ನಿಜ, ಆದರೆ ಆ ನಷ್ಟ ಸಣ್ಣದು. ಬಿಸಿಲಲ್ಲಿ ನಿಂತ ಕಾರು ಹತ್ತಿದ ಕೂಡಲೇ ನಾಲ್ಕೂ ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ. ಕುದಿಯುವ ಗಾಳಿ ಹೊರಹೋದ ಮೇಲೆ ಗಾಜು ಏರಿಸಿ, ಎಸಿಯನ್ನು 24–25ಕ್ಕೆ ಇಟ್ಟು, ಒಳಗಿನ ಗಾಳಿಯನ್ನೇ ತಿರುಗಿಸುವ ರೀಸರ್ಕ್ಯುಲೇಷನ್ ಒತ್ತಿ. ಮೈ ತಣ್ಣಗಾಯಿತೆಂದು ಬ್ಯಾಟರಿಯೂ ತಣ್ಣಗಾಯಿತು ಎಂದುಕೊಳ್ಳಬೇಡಿ. ಅದು ಶಹಾಬಾದ್ ಫರಸಿಯ ಹಾಗೆ, ಕಾಯಲೂ ಹೊತ್ತು ಬೇಕು, ಆರಲೂ ಹೊತ್ತು ಬೇಕು. ಎರಡು ಕಿಲೋಮೀಟರಿನ ಓಡಾಟದಲ್ಲಿ ತಾಪ ಅಲುಗಾಡುವುದೇ ಇಲ್ಲ; ಅರ್ಧ ಗಂಟೆ ಎಸಿ ಓಡಿದರೆ ರೀಡರ್‌ನಲ್ಲಿ ಇಳಿತ ಕಾಣುತ್ತದೆ.

ಹೀಗಾಗಿ ಓಡಿಸುವ ರೀತಿಗಿಂತ ನಿಲ್ಲಿಸುವ ಜಾಗ ಮುಖ್ಯ. ಮುಂದಿನ ಗಾಜಿಗೆ ಇಡುವ ಬೆಳ್ಳಿ ಬಣ್ಣದ ಪರದೆ ಡ್ಯಾಶ್‌ಬೋರ್ಡ್, ಸ್ಟಿಯರಿಂಗ್ ಉಳಿಸುತ್ತದೆ, ಆದರೆ ಬ್ಯಾಟರಿ ಡಿಕ್ಕಿಯ ಕೆಳಗಿರುವ ಕಾರಿನಲ್ಲಿ ಹಿಂದಿನ ಗಾಜಿನಿಂದ ಬೀಳುವ ಬಿಸಿಲಿಗೆ ಅದು ಅಡ್ಡವಾಗದು. ಮಧ್ಯಾಹ್ನ ನಿಲ್ಲಿಸುವಾಗ ಕಾರಿನ ಮೂತಿ ಪಡುವಣಕ್ಕಿರಲಿ, ಪರದೆ ಮುಂದಿರಲಿ. ಆಗ ಎರಡೂ ಕಡೆ ರಕ್ಷಣೆ. ತಿಳಿ ಬಣ್ಣದ ಪೂರ್ತಿ ಹೊದಿಕೆ ಇದಕ್ಕಿಂತ ಒಳ್ಳೆಯದು, ದಿನಾ ಹಾಕಿ ತೆಗೆಯುವ ತಾಳ್ಮೆ ಇದ್ದರೆ. ಗಾಜನ್ನು ಬೆರಳಗಲ ಇಳಿಸಿಡುವುದರಿಂದ ಲಾಭ ಅಲ್ಪ, ಧೂಳು ಹೆಚ್ಚು. ತಗಡಿನ ತಗ್ಗು ಶೆಡ್ ನೆರಳು ಕೊಟ್ಟರೂ ಬದಿಗಳು ಮುಚ್ಚಿದ್ದರೆ ಒಲೆಯಾಗುತ್ತದೆ. ಬೇವು, ಹೊಂಗೆಯ ನೆರಳಿಗೆ ಸಾಟಿಯಿಲ್ಲ. ನಿಲ್ಲಿಸುವ ಹೊತ್ತಿನ ನೆರಳಲ್ಲ, ಮೂರು ಗಂಟೆಗೆ ನೆರಳು ಎಲ್ಲಿಗೆ ಸರಿದಿರುತ್ತದೆ ಎಂದು ನೋಡಿ ನಿಲ್ಲಿಸಿ.

ಬ್ಯಾಟರಿಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಹೈಕ್ರಾಸ್‌ನಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್, ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾದಲ್ಲಿ ಲಿಥಿಯಂ ಅಯಾನ್. ನಿಕಲ್ ಒರಟು ಬಳಕೆ ತಾಳುತ್ತದೆ, ಆದರೆ ಚಾರ್ಜ್ ಆಗುವಾಗಲೇ ಬಿಸಿಯಾಗುತ್ತದೆ. 45 ಡಿಗ್ರಿ ದಾಟಿದರೆ ಕೊಟ್ಟ ಚಾರ್ಜನ್ನು ಪೂರ್ತಿ ಹಿಡಿದುಕೊಳ್ಳುವುದಿಲ್ಲ. ಲಿಥಿಯಂ ಓಡುವಾಗ ಕಡಿಮೆ ಕಾಯುತ್ತದೆ, ಆದರೆ ಬಿಸಿಯಲ್ಲಿ ಸುಮ್ಮನೆ ನಿಂತರೂ ಒಳಗಿನ ರಾಸಾಯನಿಕ ಪದರ ದಪ್ಪವಾಗಿ ಸಾಮರ್ಥ್ಯ ಸವೆಯುತ್ತದೆ. ಹಾಗಾಗಿ ನಿಕಲ್ ಕಾರಿಗೆ ಓಡುವಾಗಿನ ಎಸಿ ಮುಖ್ಯ, ಲಿಥಿಯಂ ಕಾರಿಗೆ ನಿಲ್ಲುವಾಗಿನ ನೆರಳು. ದಿನವಿಡೀ ಬಯಲಲ್ಲಿ ನಿಲ್ಲುವ ಕಾರಾದರೆ ನಮ್ಮ ಒಲವು ನಿಕಲ್ ಕಡೆಗೆ. ಎರಡಕ್ಕೂ ಕಂಪನಿಯ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ.

ಖರ್ಚಿಲ್ಲದೆ ಹೆಚ್ಚು ಫಲ ಕೊಡುವ ಕೆಲಸ ಜಾಲರಿ ಸ್ವಚ್ಛ ಮಾಡುವುದು. ಅದು ಸೀಟಿನ ಕೆಳಗೋ ಬದಿಗೋ ಇರುತ್ತದೆ, ಕೈಪಿಡಿಯಲ್ಲಿ ಚಿತ್ರವಿದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮೆತ್ತನೆ ಬ್ರಷ್ ಹಾಕಿದ ವ್ಯಾಕ್ಯೂಮ್‌ನಿಂದ ಧೂಳು ಎಳೆಯಿರಿ. ಒಳಮುಖವಾಗಿ ಗಾಳಿ ಊದಬೇಡಿ, ಧೂಳು ಫ್ಯಾನ್‌ಗೆ ಹೋಗುತ್ತದೆ. ಜಾಲರಿಯ ಮುಂದೆ ಚೀಲ, ಟವೆಲ್ ಬೇಡ. ಟೊಯೋಟಾ ಕಾರುಗಳಲ್ಲಿ ರೀಡರ್‌ನಲ್ಲಿ ದೋಷ ತಿಳಿಸುವ ಪಿ0ಎ82 ಕೋಡ್ ಬಂದರೆ ತೊಂದರೆ ಕೂಲಿಂಗ್ ಫ್ಯಾನ್‌ನದು, ಪಿ0ಎ80 ಬಂದರೆ ಬ್ಯಾಟರಿಯದೇ. ಮೊದಲನೆಯದಕ್ಕೆ ಇಡೀ ಬ್ಯಾಟರಿ ಬದಲಿಸಿ ಎಂದು ಯಾರಾದರೂ ಹೇಳಿದರೆ ಜಾಲರಿ, ಫ್ಯಾನ್ ಬಿಚ್ಚಿ ತೋರಿಸಲು ಕೇಳಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ನೀವು ಮುಟ್ಟಬಾರದು. ಅದರಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ.

ಇನ್ನು, ಬೆಳಗ್ಗೆ ಸ್ಟಾರ್ಟ್ ಬಟನ್ ಒತ್ತಿದಾಗ ಕಾರು ಓಡಲು ಸಿದ್ಧ ಎನ್ನುವ ರೆಡಿ ದೀಪವೇ ಬರದಿದ್ದರೆ ಮೊದಲು ಕಾರಿನಲ್ಲಿ ಬೇರೆಯಾಗಿರುವ ಚಿಕ್ಕ 12 ವೋಲ್ಟ್ ಬ್ಯಾಟರಿ ಅಳೆಯಿರಿ. ಬಿಸಿಲು ಅದನ್ನೂ ಕೊಲ್ಲುತ್ತದೆ. ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಹತ್ತಿರ ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ ನೋಡಿ, ಮತ್ತೆ ಇಳಿದರೆ ಬದಲಿಸಿ.