ಟ್ಯಾಲಿಪ್ರೈಮ್‌ನಲ್ಲಿ ಉತ್ಪಾದನಾ ವೆಚ್ಚದ ಲೆಕ್ಕ: ಸಣ್ಣ ಕಾರ್ಖಾನೆಗೆ ಸಾಕಾ?

ಪೀಣ್ಯವಿರಲಿ, ಬೊಮ್ಮಸಂದ್ರವಿರಲಿ, ಬೆಳಗಾವಿಯ ಉದ್ಯಮಬಾಗವಿರಲಿ, ವರ್ಕ್‌ಶಾಪಿನ ಲೆಕ್ಕದ ಕೋಣೆಯಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶ ಇದ್ದೇ ಇರುತ್ತದೆ. 1986ರಿಂದಿರುವ ಬೆಂಗಳೂರಿನ ಕಂಪನಿಯದು. ಈಗಿನ ಟ್ಯಾಲಿಪ್ರೈಮ್ ಬಂದದ್ದು 2020ರ ಕೊನೆಗೆ. ಜಿಎಸ್‌ಟಿಗೆ, ಬಾಕಿ ವಸೂಲಿಗೆ ಎಲ್ಲರೂ ಬಳಸುತ್ತಾರೆ. ‘ಒಂದು ಪೀಸಿಗೆ ನಮಗೆ ಬಿದ್ದದ್ದೆಷ್ಟು?’ ಎಂಬ ಪ್ರಶ್ನೆ ಬಂದಾಗ ಮಾತ್ರ ಎಕ್ಸೆಲ್ ತೆರೆಯುತ್ತಾರೆ. ಬಹುಪಾಲು ಸಣ್ಣ ಘಟಕಗಳಿಗೆ ಆ ಎಕ್ಸೆಲ್ ಬೇಕಿಲ್ಲ. ಆದರೆ ಖರ್ಚನ್ನು ತಪ್ಪು ಜಾಗಕ್ಕೆ ಹಾಕಿದರೆ ಟ್ಯಾಲಿ ತಡೆಯುವುದಿಲ್ಲ. ಅಚ್ಚುಕಟ್ಟಾಗಿ ತಪ್ಪು ಉತ್ತರ ಕೊಡುತ್ತದೆ.

ಎಡವಟ್ಟು ಶುರುವಾಗುವುದೇ ಲೆಡ್ಜರ್ ತೆರೆಯುವಾಗ. ಕಾಸ್ಟಿಂಗ್ ಓದಿದವರಿಗೆ ಫ್ಯಾಕ್ಟರಿ ಬಾಡಿಗೆ, ಸೂಪರ್‌ವೈಸರ್ ಸಂಬಳ, ಯಂತ್ರದ ಸವಕಳಿ ಇವೆಲ್ಲ ಪರೋಕ್ಷ ವೆಚ್ಚ. ಅದೇ ಗುಂಗಿನಲ್ಲಿ ಅವನ್ನು ‘ಇನ್‌ಡೈರೆಕ್ಟ್ ಎಕ್ಸ್‌ಪೆನ್ಸಸ್’ ಗ್ರೂಪಿಗೆ ಹಾಕುತ್ತಾರೆ. ಟ್ಯಾಲಿಯಲ್ಲಿ ಆ ವಿಂಗಡಣೆಯ ಗೆರೆ ಬೇರೆ: ಡೈರೆಕ್ಟ್ ಗ್ರೂಪಿನದು ಒಟ್ಟು ಲಾಭಕ್ಕೆ ಮೊದಲೇ ಕಳೆಯುತ್ತದೆ, ಇನ್‌ಡೈರೆಕ್ಟ್ ಆಮೇಲೆ. ಈ ಪರೋಕ್ಷ ವೆಚ್ಚವನ್ನು, ಅಂದರೆ ಓವರ್‌ಹೆಡ್ಡನ್ನು, ಸ್ಟಾಕಿನ ಬೆಲೆಗೆ ಸೇರಿಸಿ, ಅದೇ ಖರ್ಚಿನ ಲೆಡ್ಜರನ್ನು ಇನ್‌ಡೈರೆಕ್ಟಿನಲ್ಲಿ ಇಟ್ಟರೆ ಒಟ್ಟು ಲಾಭ ಸುಮ್ಮನೆ ಉಬ್ಬುತ್ತದೆ. ನಿವ್ವಳ ಲಾಭ ಸರಿಯಾಗಿಯೇ ಕಾಣುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಹಾಗಾಗಿ ಕಾರ್ಖಾನೆಯೊಳಗಿನ ಖರ್ಚೆಲ್ಲ ಡೈರೆಕ್ಟ್ ಎಕ್ಸ್‌ಪೆನ್ಸಸ್ ಕೆಳಗೆ ಇರಲಿ. ಅದರಡಿ ಮೂರು ಉಪಗ್ರೂಪು ತೆರೆಯಿರಿ: ನೇರ ಕೂಲಿ, ಚರ ಓವರ್‌ಹೆಡ್, ಸ್ಥಿರ ಓವರ್‌ಹೆಡ್. ಬೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕವೂ ಯೂನಿಟ್ ಶುಲ್ಕವೂ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಎರಡಕ್ಕೂ ಎರಡು ಲೆಡ್ಜರ್ ಮಾಡಿದರೆ ಮುಂದೆ ತಲೆ ಕೆರೆದುಕೊಳ್ಳಬೇಕಿಲ್ಲ. ಆಫೀಸು, ಮಾರಾಟ, ಸಾಗಿಸಿ ಕೊಡುವ ಲಾರಿ ಬಾಡಿಗೆ ಮಾತ್ರ ಇನ್‌ಡೈರೆಕ್ಟ್. ಹೂಡುವಳಿ ತೆರಿಗೆ, ಅಂದರೆ ಇನ್‌ಪುಟ್ ಕ್ರೆಡಿಟ್ ಸಿಗುವ ಜಿಎಸ್‌ಟಿ, ವೆಚ್ಚದಲ್ಲಿ ಸೇರಲೇಬಾರದು.

ಇನ್ನು ಉತ್ಪಾದನೆಯ ಭಾಗ. ಸ್ಟಾಕ್ ಐಟಂನಲ್ಲಿ ಎಫ್12 ಒತ್ತಿ ಬಿಲ್ ಆಫ್ ಮೆಟೀರಿಯಲ್ಸ್ (ಸರಕು ತಯಾರಿಸಲು ಏನೇನು, ಎಷ್ಟೆಷ್ಟು ಬೇಕೆಂಬ ಪಟ್ಟಿ) ಆಯ್ಕೆಯನ್ನೂ, ಕಾಂಪೊನೆಂಟ್ ಬಗೆಯ ಆಯ್ಕೆಯನ್ನೂ ತೆರೆಯಬೇಕು. ಎರಡನೆಯದನ್ನು ಬಿಟ್ಟರೆ ಸ್ಕ್ರ್ಯಾಪ್, ಬೈ-ಪ್ರಾಡಕ್ಟ್, ಕೋ-ಪ್ರಾಡಕ್ಟ್ ಎಂದು ಗುರುತಿಸಲು ಜಾಗವೇ ಸಿಗದು. ಆಮೇಲೆ ಸ್ಟಾಕ್ ಜರ್ನಲ್ (ಸರಕಿನ ಬಳಕೆ-ಉತ್ಪಾದನೆ ಬರೆಯುವ ವೋಚರ್) ಆಧರಿಸಿ ಹೊಸ ವೋಚರ್ ಟೈಪ್ ಮಾಡಿ, ‘ಯೂಸ್ ಆ್ಯಸ್ ಎ ಮ್ಯಾನುಫ್ಯಾಕ್ಚರಿಂಗ್ ಜರ್ನಲ್’ ಎಂಬಲ್ಲಿ ಯೆಸ್ ಕೊಡಿ.

ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ) ತಯಾರಾಗುವ 100 ಫ್ಲ್ಯಾಂಜ್‌ಗಳ ಒಂದು ಬ್ಯಾಚ್ ನೋಡೋಣ, ದರಗಳು ಉದಾಹರಣೆಗಷ್ಟೇ. ಪೀಸಿಗೆ 2.4 ಕೆ.ಜಿ. ಇಎನ್8 ಉಕ್ಕಿನ ರೌಂಡ್ ಬಾರ್, ಕೆ.ಜಿ.ಗೆ ₹75ರಂತೆ ₹18,000. ಪೀಸಿಗೆ 12 ನಿಮಿಷದಂತೆ ಯಂತ್ರದ 20 ಗಂಟೆ: ಆಪರೇಟರ್ ಕೂಲಿ ಗಂಟೆಗೆ ₹120ರಂತೆ ₹2,400, ಯಂತ್ರದ ದರ ಗಂಟೆಗೆ ₹300ರಂತೆ ₹6,000. ಹೊರಗೆ ಪ್ಲೇಟಿಂಗ್ ₹1,800. ಒಟ್ಟು ₹28,200. ಟರ್ನಿಂಗ್ ಚಿಪ್ಸ್ 70 ಕೆ.ಜಿ., ₹25ರಂತೆ ₹1,750 ಕಳೆದರೆ ₹26,450.

ವೋಚರಿನಲ್ಲಿ ಅಡಿಷನಲ್ ಕಾಸ್ಟ್ (ಕಚ್ಚಾಮಾಲು ಬಿಟ್ಟು ಕೂಲಿ, ಯಂತ್ರದಂಥ ಖರ್ಚು) ಬರೆಯುವಾಗ ಶೇಕಡಾವಾರು ಅಂಕಣವೂ ಇದೆ, ಮೊತ್ತದ ಅಂಕಣವೂ ಇದೆ. ಶೇಕಡಾವಾರು ಸುಲಭ, ಅಪಾಯವೂ ಅಲ್ಲೇ. ಅದು ಕಾಂಪೊನೆಂಟುಗಳ ಬೆಲೆಯ ಮೇಲೆ ಬೀಳುತ್ತದೆ. ಯಂತ್ರದ ₹6,000 ಎಂದರೆ ಸುಮಾರು ಶೇ. 33.33. ಉಕ್ಕಿನ ದರ ₹75ರಿಂದ ₹90ಕ್ಕೆ ಏರಿತೆನ್ನಿ. ಯಂತ್ರ ಓಡುವುದು ಅದೇ 20 ಗಂಟೆ, ಆದರೆ ಓವರ್‌ಹೆಡ್ ₹7,200 ಆಗುತ್ತದೆ. ₹1,200 ಎಲ್ಲಿಂದಲೋ ಹುಟ್ಟಿಕೊಂಡಿತು! ಜಾಬ್ ಕಾರ್ಡಿನಲ್ಲಿ ಗಂಟೆ ಬರೆಸಿ, ದರದಿಂದ ಗುಣಿಸಿ, ಮೊತ್ತವನ್ನೇ ತುಂಬಿ. ಟ್ಯಾಲಿಗೆ ಗಂಟೆ ಗೊತ್ತಿಲ್ಲ, ಅದರ ದೊಡ್ಡ ಕೊರತೆಯೇ ಇದು.

ರಿಜೆಕ್ಷನ್ ವಿಷಯದಲ್ಲೂ ಜಾಗ್ರತೆ ಬೇಕು. ಈ ಕೆಲಸದಲ್ಲಿ 100ಕ್ಕೆ 2 ಹೋಗುವುದು ಸಹಜ ಎಂದಿಟ್ಟುಕೊಳ್ಳಿ. ಆಗ ₹26,450ನ್ನು 98ರಿಂದ ಭಾಗಿಸಬೇಕು, ಪೀಸಿಗೆ ₹269.90. ಈ ಸಲ 6 ಹಾಳಾದವು, ಕೈಗೆ ಬಂದದ್ದು 94. ವೋಚರಿನಲ್ಲಿ 94 ಎಂದೇ ಬರೆದರೆ ಟ್ಯಾಲಿ ಪೂರ್ತಿ ಮೊತ್ತವನ್ನು 94ರ ಮೇಲೆ ಹೇರಿ ₹281.38 ತೋರಿಸುತ್ತದೆ. ಟೂಲ್ ಮುರಿದೋ, ಅದರ ಸೆಟ್ಟಿಂಗ್ (ಆಫ್‌ಸೆಟ್) ತಪ್ಪಿಯೋ ಆದ ನಷ್ಟ ಗೋದಾಮಿನಲ್ಲಿ ಆಸ್ತಿಯಾಗಿ ಕೂರುತ್ತದೆ. ಅಸಹಜ ನಷ್ಟವನ್ನು ದಾಸ್ತಾನಿನ ಬೆಲೆಗೆ ಸೇರಿಸುವಂತಿಲ್ಲ ಎನ್ನುತ್ತದೆ ಅಕೌಂಟಿಂಗ್ ಸ್ಟ್ಯಾಂಡರ್ಡ್ 2. ಇದಕ್ಕೊಂದು ದಾರಿಯಿದೆ: 98 ಎಂದೇ ಉತ್ಪಾದನೆ ದಾಖಲಿಸಿ, ಉಳಿದ 4ನ್ನು ‘ಅಸಹಜ ನಷ್ಟ’ ಹೆಸರಿನ ಬೇರೊಂದು ಸ್ಟಾಕ್ ಜರ್ನಲ್ ಟೈಪಿನಲ್ಲಿ, ಬರೀ ಬಳಕೆಯ ಬದಿಯಲ್ಲಿ ತೆಗೆದುಹಾಕಿ. ಸುಮಾರು ₹1,080 ಅದೇ ಅವಧಿಯ ಲಾಭದಿಂದ ಕಳೆಯುತ್ತದೆ, ಆ ವೋಚರಿನ ರಿಜಿಸ್ಟರಿನಲ್ಲಿ ತಿಂಗಳ ಮೊತ್ತವೂ ಸಿಗುತ್ತದೆ.

ಟ್ಯಾಲಿಗೆ ಶಹಬ್ಬಾಸ್ ಅನ್ನಬೇಕಾದ ಜಾಗವೂ ಒಂದಿದೆ. ಯಂತ್ರದ ₹300ರಲ್ಲಿ ₹200 ಸ್ಥಿರ ಓವರ್‌ಹೆಡ್ ಎನ್ನೋಣ: ತಿಂಗಳಿಗೆ ₹80,000, 25 ದಿನ, ದಿನಕ್ಕೆ ಎರಡು ಪಾಳಿ, ಪಾಳಿಗೆ 8 ಗಂಟೆ, ಒಟ್ಟು 400 ಗಂಟೆ. ಆರ್ಡರ್ ಇಲ್ಲದೆ 250 ಗಂಟೆಯಷ್ಟೇ ಓಡಿದರೆ ವೋಚರುಗಳ ಮೂಲಕ ಸರಕಿಗೆ ಹತ್ತುವುದು ₹50,000. ಮ್ಯಾನುಫ್ಯಾಕ್ಚರಿಂಗ್ ಜರ್ನಲ್ ಸ್ಟಾಕಿನ ಬೆಲೆಯನ್ನಷ್ಟೇ ಮುಟ್ಟುತ್ತದೆ, ಲೆಡ್ಜರನ್ನು ಮುಟ್ಟುವುದಿಲ್ಲ. ಹಾಗಾಗಿ ಖಾಲಿ ನಿಂತ ಯಂತ್ರದ ₹30,000 ತಾನಾಗಿ ಲಾಭ-ನಷ್ಟಕ್ಕೆ ಬೀಳುತ್ತದೆ. ಸ್ಟ್ಯಾಂಡರ್ಡ್ ಕೇಳುವುದೂ ಇದನ್ನೇ. ದರವನ್ನು ಪ್ರತಿ ತಿಂಗಳ ವಾಸ್ತವ ಗಂಟೆಗೆ ತಕ್ಕಂತೆ ಏರಿಸಿದಿರೋ, ಈ ಅನುಕೂಲ ಹೋಯಿತು. ₹30,000ವನ್ನು ಬೇರೆ ಸಾಲಾಗಿ ನೋಡಲು ಮಾತ್ರ ಲೆಡ್ಜರಿನ ಮೊತ್ತದಿಂದ ವೋಚರುಗಳ ಮೊತ್ತವನ್ನು ಕೈಯಾರೆ ಕಳೆಯಬೇಕು.

ಸ್ಟಾಕಿನ ಮೌಲ್ಯಮಾಪನ ವಿಧಾನಗಳ ಪಟ್ಟಿಯಲ್ಲಿ ಲಿಫೊ (ಕೊನೆಗೆ ಬಂದದ್ದು ಮೊದಲು ಹೋಯಿತೆಂಬ ಲೆಕ್ಕ) ಕೂಡ ಇದೆ. ಮುಟ್ಟಬೇಡಿ, ನಮ್ಮಲ್ಲಿ ಅದಕ್ಕೆ ಒಪ್ಪಿಗೆಯಿಲ್ಲ. ಸರಾಸರಿ ಅಥವಾ ಫಿಫೊ (ಮೊದಲು ಬಂದದ್ದು ಮೊದಲು ಹೋಯಿತೆಂಬ ಲೆಕ್ಕ) ಸಾಕು. ಕಚ್ಚಾಮಾಲಿನ ಬಿಲ್ ನಮೂದಿಸುವ ಮುಂಚೆಯೇ ಉತ್ಪಾದನೆ ಬರೆದರೆ ಹಳೇ ದರ ಕೂರುತ್ತದೆ, ಆದ್ದರಿಂದ ಖರೀದಿ ಮೊದಲು, ಉತ್ಪಾದನೆ ಆಮೇಲೆ. ಖರ್ಚನ್ನು ಯಂತ್ರ, ವಿಭಾಗಗಳಿಗೆ ಹಂಚಿ ನೋಡುವ ಕಾಸ್ಟ್ ಸೆಂಟರ್ ಚೆನ್ನಾಗಿದೆ. ಕಾಸ್ಟ್ ಕೆಟಗರಿ ಎರಡಿದ್ದರೆ ಒಂದೇ ಖರ್ಚನ್ನು ವಿಭಾಗಕ್ಕೂ ಗ್ರಾಹಕನ ಆರ್ಡರಿಗೂ ಒಟ್ಟಿಗೇ ಹಂಚಬಹುದು. ಯಂತ್ರಕ್ಕೊಂದು ಸೆಂಟರ್ ಸಾಕು, ನಟ್ಟಿಗೊಂದು ಬೋಲ್ಟಿಗೊಂದು ಮಾಡಿದರೆ ಮೂರನೇ ತಿಂಗಳಿಗೆ ಯಾರೂ ತುಂಬುವುದಿಲ್ಲ.

ಅರೆತಯಾರಿ ಸರಕು ನಿಜವಾದ ದೌರ್ಬಲ್ಯ. ಮಾರ್ಚ್ 31ರಂದು ಟರ್ನಿಂಗ್ ಮುಗಿದು ಪ್ಲೇಟಿಂಗಿಗೆ ಕಾದಿರುವ ಪೀಸಿಗೆ ಬೆಲೆ ಬರಬೇಕಾದರೆ ‘ಟರ್ನ್ಡ್ ಫ್ಲ್ಯಾಂಜ್’ ಎಂಬ ಬೇರೆ ಐಟಂ, ಅದಕ್ಕೆ ಬೇರೆ ಬಿಲ್ ಆಫ್ ಮೆಟೀರಿಯಲ್ಸ್ ಬೇಕು. ಎರಡು ಹಂತಕ್ಕೆ ಇದು ನಡೆಯುತ್ತದೆ. ಎಂಟು ಹಂತದ ಕೆಲಸಕ್ಕೆ ವೋಚರು ಬರೆಯಲೆಂದೇ ಒಬ್ಬರು ಬೇಕಾದೀತು. ಬೆಲೆಯ ವ್ಯತ್ಯಾಸ, ಬಳಕೆಯ ವ್ಯತ್ಯಾಸವನ್ನು ಬಿಡಿಸಿ ತೋರಿಸುವ ಸಿದ್ಧ ವರದಿಯೂ ಇಲ್ಲ. ಟ್ಯಾಲಿಯದೇ ಪ್ರೋಗ್ರಾಮಿಂಗ್ ಭಾಷೆಯಾದ ಟಿಡಿಎಲ್ ಬರೆಯುವವರಿಂದ ಮಾಡಿಸಿಕೊಳ್ಳಬೇಕು.

ಕಾಸ್ಟ್ ರೆಕಾರ್ಡ್ಸ್ ನಿಯಮಗಳ ಪಟ್ಟಿಯಲ್ಲಿರುವ ಉದ್ಯಮವಾಗಿ, ವಹಿವಾಟು ₹35 ಕೋಟಿ ಮುಟ್ಟಿದ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದ ವರ್ಗಕ್ಕೆ ಸೇರದ ಕಂಪನಿಯಾದರೆ ಸಿಆರ್‌ಎ-1 ನಮೂನೆಯ ಪ್ರಕಾರ ದಾಖಲೆ ಇಡಬೇಕು. ಅಲ್ಲಿಗೆ ಟ್ಯಾಲಿಯೊಂದನ್ನೇ ನಂಬಿ ಹೋಗುವುದು ಬೇಡ. ಅದಕ್ಕಿಂತ ಚಿಕ್ಕವರು ಒಂದೇ ಕಂಪ್ಯೂಟರಿನ ಸಿಲ್ವರ್ ಲೈಸೆನ್ಸಿನಿಂದ ಶುರುಮಾಡಬಹುದು. ಸ್ಟೋರ್ಸಿನವರು ಬಾರ್ ಕೊಟ್ಟ ತೂಕವನ್ನು ಅಲ್ಲಿಂದಲೇ ನಮೂದಿಸುವಂತಿದ್ದರೆ ಹಲವರು ಬಳಸಬಹುದಾದ ಗೋಲ್ಡ್ ಬೇಕು.