ಬೇಕಾದ ಡೊಮೇನ್ ಇನ್ನೊಬ್ಬರ ಮುಷ್ಟಿಯಲ್ಲಿದ್ದರೆ: ಬಿಡಿಸಿಕೊಡುವ ಸೇವೆಗಳ ವಿಮರ್ಶೆ

ಡಾಟ್ ಕಾಂ ಎಂದು ಮುಗಿಯುವ ಜಾಲವಿಳಾಸಗಳ (ಡೊಮೇನ್ ಹೆಸರುಗಳ) ಮೂಲ ದಾಖಲೆ ಇಡುವ ವೆರಿಸೈನ್ ರಿಜಿಸ್ಟ್ರಿ ಹೆಸರೊಂದಕ್ಕೆ ಪಡೆಯುವ ವಾರ್ಷಿಕ ಸಗಟು ದರ 2024ರ ಸೆಪ್ಟೆಂಬರ್ 1ರಂದು 10.26 ಡಾಲರ್‌ಗೆ ಏರಿತು. ಹೆಚ್ಚುಕಡಿಮೆ ಅಷ್ಟಕ್ಕೆ ಹಿಡಿದಿಟ್ಟ ಹೆಸರನ್ನು ಬಿಟ್ಟುಕೊಡಲು ಸ್ಕ್ವಾಟರ್‌ಗಳು (ಇನ್ನೊಬ್ಬರಿಗೆ ಬೇಕಾದ ಹೆಸರನ್ನು ಲಾಭಕ್ಕಾಗಿ ಹಿಡಿದಿಡುವವರು) ಎರಡು ಸಾವಿರವನ್ನೂ ಕೇಳುತ್ತಾರೆ, ಇಪ್ಪತ್ತು ಸಾವಿರವನ್ನೂ ಕೇಳುತ್ತಾರೆ. ಇವೆರಡರ ನಡುವಿನ ಅಂತರದಲ್ಲೇ ಬದುಕುವ ಸೇವೆಗಳು ನಾಲ್ಕು: ಬ್ರೋಕರ್ (ನಿಮ್ಮ ಪರ ಮಾತಾಡುವ ದಲ್ಲಾಳಿ), ಬ್ಯಾಕ್‌ಆರ್ಡರ್ (ಅವಧಿ ಮುಗಿದು ಬಿಡುಗಡೆಯಾಗುವ ಹೆಸರನ್ನು ಹಿಡಿಯಲು ಮೊದಲೇ ಕೊಡುವ ಆರ್ಡರ್), ಯುಡಿಆರ್‌ಪಿ ದೂರು (ಟ್ರೇಡ್‌ಮಾರ್ಕ್ ಆಧಾರದ ಮೇಲೆ ಹೆಸರು ಕೇಳುವ ದೂರು) ಮತ್ತು ಎಸ್ಕ್ರೋ (ವ್ಯವಹಾರ ಮುಗಿಯುವ ತನಕ ಹಣ ಹಿಡಿದಿಡುವ ಮಧ್ಯಸ್ಥರು). ಇವುಗಳಲ್ಲಿ ತಪ್ಪದೆ ದುಡ್ಡು ಹಾಕಬೇಕಾದದ್ದು ಎಸ್ಕ್ರೋಗೆ ಮಾತ್ರ. ಉಳಿದ ಮೂರೂ ಬೇಕೋ ಬೇಡವೋ ಎಂಬುದು ಹೆಸರಿನ ಸ್ಥಿತಿಯನ್ನು ಅವಲಂಬಿಸಿದೆ.

ಆ ಸ್ಥಿತಿ ತಿಳಿಯಲು ಕಾಸು ಬೇಕಿಲ್ಲ. 2025ರ ಜನವರಿಯಿಂದ ಹೆಸರಿನ ನೋಂದಣಿ ವಿವರ ತೋರಿಸುತ್ತಿದ್ದ ಹಳೆಯ ಹೂಈಸ್ ಹುಡುಕಾಟದ ಜಾಗಕ್ಕೆ ಆರ್‌ಡಿಎಪಿ ಬಂದಿದೆ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಿಡಿಪಿಆರ್ ಜಾರಿಯಾದ ಮೇಲೆ ಮಾಲೀಕರ ಹೆಸರು, ವಿಳಾಸ ಬಹುಮಟ್ಟಿಗೆ ಕಾಣುವುದಿಲ್ಲ, ನಿಜ. ಆದರೆ ಮೊದಲು ನೋಂದಣಿಯಾದ ದಿನ, ರಿಜಿಸ್ಟ್ರಾರ್ (ಹೆಸರನ್ನು ನೋಂದಾಯಿಸಿ ಮಾರುವ ಕಂಪನಿ), ನೇಮ್‌ಸರ್ವರ್ (ಹೆಸರು ಯಾವ ತಾಣಕ್ಕೆ ಒಯ್ಯುತ್ತದೆಂದು ಹೇಳುವ ಗಣಕ), ಸ್ಟೇಟಸ್ ಎಲ್ಲವೂ ಸಿಗುತ್ತವೆ. ನೇಮ್‌ಸರ್ವರ್ ಡೊಮೇನ್ ಮಾರಾಟದ ತಾಣಗಳಾದ ಆಫ್ಟರ್ನಿಕ್ ಅಥವಾ ಸೆಡೋದ್ದಾಗಿದ್ದರೆ ಹೆಸರು ಮಾರಾಟಕ್ಕಿಟ್ಟದ್ದು ಎಂದೇ ತಿಳಿಯಬೇಕು. ಮುಕ್ತಾಯ ದಿನಾಂಕದಲ್ಲಿ ಮಾತ್ರ ಅನೇಕರು ಎಡವುತ್ತಾರೆ. ಅವಧಿ ಮುಗಿದ ಕೂಡಲೇ ರಿಜಿಸ್ಟ್ರಿ ತಾನಾಗಿ ಒಂದು ವರ್ಷ ಮುಂದೂಡುತ್ತದೆ. ಮಾಲೀಕರು ದುಡ್ಡು ಕಟ್ಟದಿದ್ದರೂ ದಾಖಲೆಯಲ್ಲಿ ಮುಂದಿನ ವರ್ಷದ ತಾರೀಖು ಕಾಣುತ್ತದೆ. ರಿಜಿಸ್ಟ್ರಾರ್‌ನ ದಾಖಲೆಯನ್ನೂ ತೆರೆದು ಎರಡನ್ನೂ ಹೋಲಿಸಿದರೆ ಅಸಲಿ ಸ್ಥಿತಿ ಗೊತ್ತಾಗುತ್ತದೆ.

ಬ್ರೋಕರ್ ಸೇವೆ ಹೊರಗಿಂದ ಕಂಡಷ್ಟು ಚೆಂದವಿಲ್ಲ. ಹಿಂತಿರುಗದ ಮುಂಗಡ ಶುಲ್ಕ, ವ್ಯವಹಾರ ಕುದುರಿದರೆ ಬೆಲೆಯ ಮೇಲೆ ಕಮಿಷನ್: ಹಲವು ಕಂಪನಿಗಳ ಲೆಕ್ಕ ಇದೇ. ಬೆಲೆ ಏರಿದಷ್ಟೂ ಬ್ರೋಕರ್ ಗಳಿಕೆಯೂ ಏರುವುದರಿಂದ, ನಿಮ್ಮ ಪರ ನಿಂತವರಿಗೆ ಚೌಕಾಸಿ ಮಾಡುವ ತುರ್ತೇ ಇರುವುದಿಲ್ಲ. ಆದ್ದರಿಂದ ಗರಿಷ್ಠ ಮೊತ್ತವನ್ನು ಮೊದಲೇ ಬಾಯಿಬಿಡಬಾರದು. ಮೊದಲ ಕೊಡುಗೆ ಇಷ್ಟು, ಅದರ ಮೇಲೆ ಪ್ರತಿ ಸಲವೂ ಕೇಳಿಯೇ ಏರಿಸತಕ್ಕದ್ದು ಎಂದು ಬರವಣಿಗೆಯಲ್ಲಿ ಕೊಡಬೇಕು. ನಿಶ್ಚಿತ ಶುಲ್ಕಕ್ಕೆ ಒಪ್ಪುವ ಬ್ರೋಕರ್ ಸಿಕ್ಕರೆ ಇನ್ನೂ ಒಳ್ಳೆಯದು. ಪುಟದಲ್ಲಿ ‘ಈಗಲೇ ಕೊಳ್ಳಿ’ ಎಂದು ಬೆಲೆ ನಮೂದಿಸಿದ ಹೆಸರಿಗೆ ಬ್ರೋಕರ್ ಹಿಡಿಯುವುದು ಶುದ್ಧ ದಂಡ. ನೀವು ಒತ್ತಬೇಕಾದ ಗುಂಡಿಯನ್ನು ಅವರು ಒತ್ತುತ್ತಾರೆ, ಅಷ್ಟೇ.

ಬ್ರೋಕರ್ ನಿಜಕ್ಕೂ ಬೇಕಾಗುವುದು ನಿಮ್ಮ ಗುರುತು ಮುಚ್ಚಿಡಬೇಕಾದಾಗ. ಕಂಪನಿಯ ಇಮೇಲ್‌ನಿಂದ ವಿಚಾರಿಸಿದರೆ ಬೆಲೆ ಅಲ್ಲೇ ಜಿಗಿಯುತ್ತದೆ. ಸಣ್ಣ ವ್ಯವಹಾರವಾದರೆ ಬೇರೊಂದು ಇಮೇಲ್ ವಿಳಾಸದಿಂದ, ಯೋಜನೆಯ ಸುದ್ದಿಯೆತ್ತದೆ, ಎರಡೇ ಸಾಲಿನಲ್ಲಿ ನೀವೇ ಕೇಳಬಹುದು. ನೇಮ್‌ಬಯೋ ಎಂಬ ತಾಣದಲ್ಲಿ ಹಿಂದೆ ಮಾರಾಟವಾದ ಹೆಸರುಗಳ ದರ ಸಿಗುತ್ತದೆ. ಅದೇ ಉದ್ದದ, ಅದೇ ವಿಸ್ತರಣೆಯ (ಡಾಟ್ ಕಾಂನಂಥ ಕೊನೆಯ ಭಾಗದ) ನಾಲ್ಕಾರು ಹೆಸರು ನೋಡಿಕೊಂಡರೆ ಕೇಳುವ ಮೊತ್ತ ಅಂದಾಜಿಗೆ ಬರುತ್ತದೆ. ಬ್ರೋಕರ್ ಸೇವೆಗೆ ಹತ್ತಕ್ಕೆ ಐದು ಅಂಕ.

ಬ್ಯಾಕ್‌ಆರ್ಡರ್ ಅಗ್ಗ, ಆದರೆ ತಾಳ್ಮೆ ಬೇಡುತ್ತದೆ. ಡಾಟ್ ಕಾಂ ಹೆಸರು ಅವಧಿ ಮುಗಿದ ದಿನವೇ ಬಿದ್ದುಹೋಗುವುದಿಲ್ಲ. ರಿಜಿಸ್ಟ್ರಾರ್ ಅದನ್ನು 45 ದಿನಗಳವರೆಗೆ ಉಳಿಸಿಕೊಳ್ಳಬಹುದು. ಅಳಿಸಿದ ಮೇಲೆ 30 ದಿನ ರಿಡೆಂಪ್ಷನ್. ಹಳೆಯ ಮಾಲೀಕರು ಹೆಚ್ಚು ದುಡ್ಡು ತೆತ್ತು ಆಗಲೂ ಮರಳಿ ಪಡೆಯಬಹುದು. ಕೊನೆಗೆ 5 ದಿನ ಪೆಂಡಿಂಗ್ ಡಿಲೀಟ್, ಅಂದರೆ ರಿಜಿಸ್ಟ್ರಿಯಿಂದ ಪೂರ್ತಿ ಅಳಿಯಲು ಕಾಯುವ ಹಂತ. ಆಮೇಲೆ ಹೆಸರು ಬಿದ್ದ ಕ್ಷಣಾರ್ಧದಲ್ಲಿ ಯಾರೋ ಎತ್ತಿಕೊಂಡಿರುತ್ತಾರೆ. ಕೈಯಾರೆ ಟೈಪ್ ಮಾಡಿ ಗೆಲ್ಲುವ ಆಸೆ ಬೇಡ. ರಿಜಿಸ್ಟ್ರಿ ಪ್ರತಿ ರಿಜಿಸ್ಟ್ರಾರ್‌ಗೂ ಇಂತಿಷ್ಟೇ ಸಂಪರ್ಕ ಎಂದು ಕೊಡುತ್ತದೆ. ಅದಕ್ಕೇ ಡ್ರಾಪ್‌ಕ್ಯಾಚ್‌ನಂಥ ಬ್ಯಾಕ್‌ಆರ್ಡರ್ ಕಂಪನಿಗಳು ನೂರಾರು ರಿಜಿಸ್ಟ್ರಾರ್ ಮಾನ್ಯತೆಗಳನ್ನು ಕೊಂಡಿಟ್ಟುಕೊಂಡವು. ಮಾನ್ಯತೆ ಹೆಚ್ಚಿದ್ದಷ್ಟೂ ಆ ಕ್ಷಣದಲ್ಲಿ ಹೆಚ್ಚು ಬಾಗಿಲು ತಟ್ಟಬಹುದು. ಹೆಸರು ಕೈಗೆ ಬಂದರೆ ಮಾತ್ರ ದುಡ್ಡು ತೆಗೆದುಕೊಳ್ಳುವ ಎರಡು ಮೂರು ಕಡೆ ಆರ್ಡರ್ ಹಾಕುವುದು ಜಾಣತನ. ಮುಂಗಡ ಕೇಳುವ ಕಡೆ ಕೊಂಚ ಯೋಚಿಸಿ. ಒಂದೇ ಕಡೆ ಇಬ್ಬರು ಆರ್ಡರ್ ಹಾಕಿದ್ದರೆ ಹೆಸರು ಹರಾಜಿಗೆ ಹೋಗುವುದೂ ಇದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಒಳ್ಳೆಯ ಹೆಸರುಗಳು ಅಳಿಸುವ ಹಂತಕ್ಕೆ ಬರುವುದೇ ಅಪರೂಪ. ದೊಡ್ಡ ರಿಜಿಸ್ಟ್ರಾರ್‌ಗಳು ಅವಧಿ ಮುಗಿದವನ್ನು ಅದಕ್ಕೂ ಮೊದಲೇ ಹರಾಜಿಗಿಡುತ್ತವೆ. ಗೋಡ್ಯಾಡಿ ಎಂಬ ರಿಜಿಸ್ಟ್ರಾರ್ ಬಳಿಯಿದ್ದ ಹೆಸರಿಗೆ ಅದರದೇ ಹರಾಜು ತಾಣ ಗೋಡ್ಯಾಡಿ ಆಕ್ಷನ್ಸ್ ಮೇಲೆ ಕಣ್ಣಿಡದೆ ಹೊರಗೆಲ್ಲೋ ಬ್ಯಾಕ್‌ಆರ್ಡರ್ ಹಾಕಿ ಕೂತರೆ, ಬಸ್ಸು ಹೊರಟ ಮೇಲೆ ನಿಲ್ದಾಣದಲ್ಲಿ ಕಾದಂತೆ. ಇದನ್ನು ಅರಿತು ಬಳಸುವವರಿಗೆ ಹತ್ತಕ್ಕೆ ಏಳೂವರೆ.

ಯುಡಿಆರ್‌ಪಿ ಡೊಮೇನ್ ವ್ಯವಸ್ಥೆಯ ಮೇಲ್ವಿಚಾರಣೆ ಮಾಡುವ ಐಕಾನ್ 1999ರಲ್ಲಿ ತಂದ ವಿವಾದ ಪರಿಹಾರ ನೀತಿ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋದಲ್ಲಿ ದೂರಿನ ಶುಲ್ಕ ಒಂದರಿಂದ ಐದು ಹೆಸರಿಗೆ ಏಕ ಸದಸ್ಯ ಪೀಠವಾದರೆ 1,500 ಡಾಲರ್, ಮೂವರ ಪೀಠವಾದರೆ 4,000. ವಕೀಲರ ಖರ್ಚು ಬೇರೆ. ಹೆಸರು ನಿಮ್ಮ ಟ್ರೇಡ್‌ಮಾರ್ಕಿಗೆ ಗೊಂದಲ ಹುಟ್ಟಿಸುವಷ್ಟು ಹತ್ತಿರವಿದೆ, ಎದುರಿನವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಅವರು ದುರುದ್ದೇಶದಿಂದಲೇ ನೋಂದಾಯಿಸಿ ಬಳಸುತ್ತಿದ್ದಾರೆ: ಈ ಮೂರನ್ನೂ ಸಾಬೀತು ಮಾಡಬೇಕು. ಎರಡು ಸಾಲದು. ಎದುರಿನವರಿಗೆ ಉತ್ತರಿಸಲು 20 ದಿನ ಇರುತ್ತದೆ. ಗೆದ್ದರೆ ಸಿಗುವುದು ಹೆಸರಿನ ವರ್ಗಾವಣೆ ಅಥವಾ ರದ್ದತಿ, ಪರಿಹಾರಧನವಲ್ಲ.

ದೂರುಗಳು ಸೋಲಲು ತಾರೀಖೂ ಒಂದು ಕಾರಣ. ನಿಮ್ಮ ಟ್ರೇಡ್‌ಮಾರ್ಕ್ ಹುಟ್ಟುವ ಮೊದಲೇ ಅವರು ಪಡೆದ ಹೆಸರನ್ನು ನಿಮ್ಮ ಮೇಲಿನ ದುರುದ್ದೇಶದಿಂದ ಕೊಂಡರು ಎನ್ನಲು ಸಾಮಾನ್ಯವಾಗಿ ಆಧಾರವೇ ಇರುವುದಿಲ್ಲ. ಒತ್ತಾಯದ ದೂರು ಕೊಟ್ಟರೆ ಅದು ರಿವರ್ಸ್ ಹೈಜಾಕಿಂಗ್, ಅಂದರೆ ದೂರಿನ ನೆಪದಲ್ಲಿ ಹೆಸರು ಕಸಿಯುವ ಯತ್ನ ಎಂದು ಪೀಠವೇ ಬರೆದುಬಿಡಬಹುದು. ಎಲ್ಲ ಹಿಡಿದಿಟ್ಟವರೂ ಸ್ಕ್ವಾಟರ್‌ಗಳಲ್ಲ ಎನ್ನುವುದಕ್ಕೆ ನ್ಯಾಯಾಲಯದ ಪ್ರಸಿದ್ಧ ಉದಾಹರಣೆಯೂ ಇದೆ. ಉಜಿ ನಿಸ್ಸಾನ್ 1994ರಲ್ಲಿ ತಮ್ಮದೇ ಕುಲನಾಮದಲ್ಲಿ ನಿಸ್ಸಾನ್ ಡಾಟ್ ಕಾಂ ಪಡೆದಿದ್ದರು. 1999ರಲ್ಲಿ ನಿಸ್ಸಾನ್ ಮೋಟರ್ ಹೂಡಿದ ಮೊಕದ್ದಮೆ ವರ್ಷಗಟ್ಟಲೆ ನಡೆದರೂ ಹೆಸರು ಅವರಲ್ಲೇ ಉಳಿಯಿತು. ಟ್ರೇಡ್‌ಮಾರ್ಕ್ ಹಳೆಯದಿದ್ದರೆ ಯುಡಿಆರ್‌ಪಿ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸ ಉದ್ಯಮಕ್ಕೆ ಹೆಸರು ಹುಡುಕುತ್ತಿರುವವರಿಗೆ ಅದರಿಂದ ಉಪಯೋಗವಿಲ್ಲ.

ಎಸ್ಕ್ರೋಗೆ ಹತ್ತಕ್ಕೆ ಒಂಬತ್ತು. ಕೊಳ್ಳುವವರು ದುಡ್ಡು ಮೂರನೆಯವರ ಬಳಿ ಇಡುತ್ತಾರೆ, ಮಾರುವವರು ಹೆಸರು ವರ್ಗಾಯಿಸುತ್ತಾರೆ, ನೀವು ಒಪ್ಪಿದ ಮೇಲೆ ಹಣ ಬಿಡುಗಡೆ. ಶುಲ್ಕ ಯಾರದು, ಪರಿಶೀಲನೆಗೆ ಎಷ್ಟು ದಿನ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಒಂದೇ ರಿಜಿಸ್ಟ್ರಾರ್ ಒಳಗಿನ ‘ಪುಶ್’ (ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆ) ನಿಮಿಷಗಳಲ್ಲಿ ಮುಗಿಯುತ್ತದೆ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಆಥ್ ಕೋಡ್ ಎಂಬ ವರ್ಗಾವಣೆಯ ಗುಪ್ತಪದ ಬೇಕು, ಕೆಲವು ದಿನ ಹಿಡಿಯುತ್ತದೆ. ಇತ್ತೀಚೆಗೆ ನೋಂದಣಿಯಾದ ಅಥವಾ ಕೈಬದಲಾದ ಹೆಸರಿಗೆ ಸಾಮಾನ್ಯವಾಗಿ 60 ದಿನದ ಬೀಗವೂ ಇರುತ್ತದೆ. ಹೆಸರು ನಿಮ್ಮ ಖಾತೆಯಲ್ಲಿ ಕಂಡು, ರಿಜಿಸ್ಟ್ರಂಟ್ (ಮಾಲೀಕರ) ವಿವರ ನಿಮ್ಮದಾಗುವ ತನಕ ‘ಒಪ್ಪಿದೆ’ ಒತ್ತಬೇಡಿ. ಒಂದು ಅಂಕ ಕಡಿಮೆಯಾದದ್ದು ನಕಲಿ ಎಸ್ಕ್ರೋ ತಾಣಗಳಿಂದಾಗಿ: ಮಾರುವವರು ಕಳಿಸಿದ ಲಿಂಕ್ ಒತ್ತದೆ, ವಿಳಾಸವನ್ನು ನೀವೇ ಟೈಪ್ ಮಾಡಬೇಕು. ದುಡ್ಡು ಕಟ್ಟುವ ಮೊದಲು ಹಳೆಯ ಜಾಲಪುಟಗಳ ಸಂಗ್ರಹವಾದ ವೇಬ್ಯಾಕ್ ಮಷೀನ್‌ನಲ್ಲಿ ಹೆಸರಿನ ಹಳೆಯ ಬಾಳನ್ನೂ ಕಸದ ಇಮೇಲ್ ಕಳಿಸುವವರನ್ನು ಗುರುತಿಸುವ ಸ್ಪ್ಯಾಮ್‌ಹೌಸ್ ಪಟ್ಟಿಯನ್ನೂ ನೋಡಿ. ಕಪ್ಪುಪಟ್ಟಿಗೆ ಬಿದ್ದ ಹೆಸರಿನಿಂದ ಹೊರಟ ಇಮೇಲ್ ಎಷ್ಟೋ ಜನರ ಇನ್‌ಬಾಕ್ಸನ್ನು ಮುಟ್ಟುವುದೇ ಇಲ್ಲ.

ಬೆಲೆ ಕೈಮೀರಿದರೆ ಸುತ್ತುದಾರಿಯೂ ಮರ್ಯಾದಸ್ಥವೇ. ಡ್ರಾಪ್‌ಬಾಕ್ಸ್ ಮೊದಲಿಗೆ ಗೆಟ್‌ಡ್ರಾಪ್‌ಬಾಕ್ಸ್ ಡಾಟ್ ಕಾಂನಲ್ಲಿ ನಡೆಯಿತು. ದಿಫೇಸ್‌ಬುಕ್ ಡಾಟ್ ಕಾಂ ಎಂದು ಶುರುವಾದ ಫೇಸ್‌ಬುಕ್ 2005ರಲ್ಲಿ ಎರಡು ಲಕ್ಷ ಡಾಲರ್ ಕೊಟ್ಟು ಫೇಸ್‌ಬುಕ್ ಡಾಟ್ ಕಾಂ ಕೊಂಡು ಆ ‘ದಿ’ ಕಳಚಿಕೊಂಡಿತು. ಹೊಸ ವಿಸ್ತರಣೆಗಳಿಗೆ ಹೋಗುವವರು ನವೀಕರಣದ ದರ ಓದಿಯೇ ಕೊಳ್ಳಲಿ. ಪ್ರೀಮಿಯಂ ಎಂದು ಗುರುತಿಸಿದ ಹೆಸರುಗಳಲ್ಲಿ ಕೆಲವಕ್ಕೆ ದುಬಾರಿ ದರ ಪ್ರತಿ ವರ್ಷವೂ ಬೀಳುತ್ತದೆ.

ಇನ್ನು ‘ನಿಮ್ಮ ಹೆಸರನ್ನು ಬೇರೊಬ್ಬರು ನೋಂದಾಯಿಸಲು ಹೊರಟಿದ್ದಾರೆ, ಇಂದೇ ಹಣ ಕಟ್ಟಿ ಕಾಯ್ದಿರಿಸಿ’ ಎಂದು ತಾನಾಗಿ ಬರುವ ಇಮೇಲ್ ಸೇವೆ: ಸೊನ್ನೆ.